ದುಗ್ಗಪ್ಪ ಮನೆಮಂದಿಗೆಲ್ಲ ಸೂಜಿ ಮಾಡಿಸಲು ಹೋದದ್ದು

ಕುರಿ ಸಾಕುವವರ ಓಣಿಯಲ್ಲಿ ನಿಂಬೆವ್ವ ಅಂತ ಒಬ್ಬಳಿದ್ದಳು. ಅವಳಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ಮಾಳಿಂಗ ಜಾಣ. ಕಿರಿಯ ದುಗ್ಗಪ್ಪ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಮೀಸೆ ಬೆಳೆದಿತ್ತು, ಎದೆ ಅಗಲವಾಗಿತ್ತು, ಬುದ್ಧಿ ಮಾತ್ರ ತೊಟ್ಟಿಲಲ್ಲೇ ಉಳಿದಿತ್ತು. ಇಂಥವನನ್ನು ಕಟ್ಟಿಕೊಂಡು ಹೇಗೆ ಬಾಳಲಿ ಅಂತ ನಿಂಬೆವ್ವ ದಿನಾ ಹಣೆ ಬಡಿದುಕೊಳ್ಳುತ್ತಿದ್ದಳು.

ಒಂದು ದಿನ ಮಾಳಿಂಗ ಗೆಳೆಯನ ಆಪರೇಷನ್ನಿಗೆ ರಕ್ತ ಕೊಡಲು ಹೋದ. ಪರೀಕ್ಷೆ ಮಾಡಿದವರು, ನಿನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ, ಲಿವರಿಗೆ ಬರುವ ರೋಗ ಅಂದರು. ಸುದ್ದಿ ಮನೆಗೆ ಬಂತು. ಮಾಳಿಂಗನ ಹೆಂಡತಿ ಸಂಗವ್ವ ಹೆದರಿ ತವರಿಗೆ ಹೋದಳು. ನಿಂಬೆವ್ವ ಮಗನ ಹಾಸಿಗೆಯನ್ನು ಕುರಿದೊಡ್ಡಿಗೆ ಹಾಕಿದಳು.

ಅಣ್ಣನನ್ನು ಮುಟ್ಟಬೇಡ, ದೂರದಿಂದಲೇ ಊಟ ಕೊಡು ಅಂತ ಅವ್ವ ಹೇಳಿದಳು. ದುಗ್ಗಪ್ಪ ದೊಡ್ಡಿಯ ಮಾಡು ಹತ್ತಿದ, ತಗಡು ಸರಿಸಿದ, ಬಿಸಿ ಸಾರು ಸುರಿದ. ಸಾರೆಲ್ಲ ಮಾಳಿಂಗನ ನೆತ್ತಿಯ ಮೇಲೆ!

ಆ ಕೂಗಿಗೆ ಓಣಿಯೇ ಓಡಿಬಂತು. ಆರೋಗ್ಯ ಕೇಂದ್ರದ ನರ್ಸಬಾಯಿ ಕಸ್ತೂರಿಯೂ ಬಂದರು. ಸುಟ್ಟ ನೆತ್ತಿಗೆ ಔಷಧ ಹಚ್ಚಿ, ದೊಡ್ಡಿಯಲ್ಲಿದ್ದ ಹಾಸಿಗೆ ನೋಡಿ ಅವರು ನಿಂಬೆವ್ವನ ಕಡೆ ತಿರುಗಿದರು.

"ಮುಟ್ಟಿದರ ಬರೂದಿಲ್ಲ, ಒಂದ ತಾಟಿನಾಗ ಉಂಡರೂ ಬರೂದಿಲ್ಲ, ಕೆಮ್ಮಿದರೂ ಬರೂದಿಲ್ಲ. ಇದು ರಕ್ತದಿಂದ ಬರೂದು. ಹೊಟ್ಟ್ಯಾಗ ಹುಟ್ಟಿದ ಮಗನ್ನ ಕುರಿ ಜೋಡಿ ಕಟ್ಟಿಯಲ್ಲ, ನಿಂಬೆವ್ವ."

ನಿಂಬೆವ್ವ ತಾನೇ ಹೋಗಿ ಹಾಸಿಗೆ ಒಳಗೆ ತಂದಳು. ದುಗ್ಗಪ್ಪನಿಗೆ ಬೈದು, ಇನ್ನು ಅಣ್ಣನ ಜೊತೆಗೇ ಉಣ್ಣು, ರಕ್ತದ ವಿಷಯದಲ್ಲಿ ಮಾತ್ರ ಹುಷಾರಾಗಿರು ಅಂದಳು.

ಎರಡು ದಿನಕ್ಕೆ ನಿಂಬೆವ್ವನ ಅಣ್ಣ ತನ್ನ ಮಗಳು ಸಂಗವ್ವನನ್ನು ಗಂಡನ ಮನೆಗೆ ಬಿಡಲು ಬಂದ. ನಿಂಬೆವ್ವ ಹೊರಗೆ ಹೋಗಿದ್ದಳು, ದುಗ್ಗಪ್ಪ ಬಾಗಿಲಿಗೆ ಅಡ್ಡ ನಿಂತ.

"ಮಾವಾ, ನೀವು ರಕ್ತ ಸಂಬಂಧ. ಒಳಗ ಬರಬ್ಯಾಡ್ರಿ."

ಅಷ್ಟು ಹೇಳಿ, ದಾರಿಯಲ್ಲಿ ಹೋಗುತ್ತಿದ್ದ ಪಾತ್ರೆ ಮಾರುವವನನ್ನು ಕೈಹಿಡಿದು ಒಳಗೆ ಕರೆದು ಊಟಕ್ಕೆ ಕೂರಿಸಿದ. ತಂಗಿಯ ಮನೆಯ ಹೊಸ್ತಿಲಲ್ಲೇ ತಡೆಸಿಕೊಂಡ ಮಾವ ಮಗಳನ್ನು ಕರೆದುಕೊಂಡು ತಿರುಗಿ ನಡೆದ. ಸುದ್ದಿ ತಿಳಿದ ನಿಂಬೆವ್ವ ಬರಿಗಾಲಲ್ಲಿ ಬಸ್‌ಸ್ಟ್ಯಾಂಡಿಗೆ ಓಡಿ, ಅಣ್ಣನ ಕಾಲು ಹಿಡಿದು, ಸೊಸೆಯನ್ನು ವಾಪಸ್ ಕರೆತಂದಳು.

ಮತ್ತೆ ಬೈಗುಳ. ಈ ಸಲ ನರ್ಸಬಾಯಿಯೇ ಕೂರಿಸಿಕೊಂಡು ಬಿಡಿಸಿ ಹೇಳಿದರು. ರಕ್ತ ಅಂದರೆ ನೆಂಟರಲ್ಲ, ಮೈಯೊಳಗೆ ಹರಿಯುವುದು. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಬಾರದು. ಒಬ್ಬರ ಕೂದಲು ತೆಗೆದ ಬ್ಲೇಡು ಇನ್ನೊಬ್ಬರಿಗೆ ತಾಗಿಸಬಾರದು, ಎಸೆದುಬಿಡಬೇಕು. ದುಗ್ಗಪ್ಪ ತಲೆಯಾಡಿಸಿದ.

ಮರುದಿನ ಕುರಿಗಳ ಉಣ್ಣೆ ಕತ್ತರಿಸುವುದಿತ್ತು. ಒಂದು ಕುರಿಯ ಉಣ್ಣೆ ತೆಗೆದ, ಕತ್ತರಿಯನ್ನು ಬಾವಿಗೆ ಎಸೆದ. ಇನ್ನೊಂದು ಕುರಿ, ಇನ್ನೊಂದು ಕತ್ತರಿ, ಅದೂ ಬಾವಿಗೆ. ಓಣಿಯ ಐದು ಕತ್ತರಿಗಳು ಮುಳುಗಿದ ಮೇಲೆ ಜನ ಅವನ ಕೈ ಹಿಡಿದರು. ನಿಂಬೆವ್ವನಿಗೆ ಬೈಯಲೂ ಶಕ್ತಿ ಇರಲಿಲ್ಲ. ನೀನಾಗಿ ಏನೂ ತಿಳಿದುಕೊಳ್ಳಬೇಡಪ್ಪ, ನರ್ಸಬಾಯಿ ಏನು ಹೇಳುತ್ತಾರೋ ಅಷ್ಟು ಮಾಡು ಅಂದಳು.

ನರ್ಸಬಾಯಿ ಅವನ ಕೈಯಲ್ಲೇ ಹೇಳಿ ಕಳಿಸಿದರು: ಮಾಳಿಂಗ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಲಿ. ಉಳಿದವರಿಗೆ ರೋಗ ಬಾರದ ಹಾಗೆ ಸೂಜಿ ಇದೆ, ಮೂರು ಸಲ ಮಾಡಿಸಬೇಕು. ನಾಳೆ ಮನೆಯಲ್ಲಿರುವವರನ್ನೆಲ್ಲ ಕರೆದುಕೊಂಡು ಬಾ, ಒಬ್ಬರನ್ನೂ ಬಿಡಬೇಡ.

ಬೆಳಿಗ್ಗೆ ಮಾಳಿಂಗ ದೊಡ್ಡಾಸ್ಪತ್ರೆಯ ಬಸ್ಸು ಹತ್ತಿದ. ಇತ್ತ ನರ್ಸಬಾಯಿ ಆರೋಗ್ಯ ಕೇಂದ್ರದ ಬಾಗಿಲು ತೆರೆದರು. ಅಂಗಳದ ತುಂಬ ನಲವತ್ತೆರಡು ಕುರಿ, ಎರಡು ನಾಯಿ, ಬುಟ್ಟಿಯಲ್ಲಿ ಕೋಳಿಗಳು. ನಡುವೆ ದುಗ್ಗಪ್ಪ, ಅವನ ತಲೆಯ ಮೇಲೆ ಮನೆದೇವರ ಪೆಟ್ಟಿಗೆ. ದೇವರೂ ಮನೆಯಲ್ಲೇ ಇರುವವನಲ್ಲವೇ.

ನಿನ್ನ ಅವ್ವ ಎಲ್ಲಿ, ಅತ್ತಿಗೆ ಎಲ್ಲಿ ಅಂತ ನರ್ಸಬಾಯಿ ಕೇಳಿದರು.

"ಅವರೂ ಹೊಂಟಿದ್ದರು ಬಾಯಾರ. ಎಲ್ಲಾರೂ ಬಂದರ ಮನಿ ಕಾಯೋರು ಯಾರು? ಇಬ್ಬರನ್ನೂ ಒಳಗ ಹಾಕಿ ಕೀಲಿ ಹಾಕಿ ಬಂದೀನಿ."