ಕೆಂಗರಿ ಮೀನು ಸಂಜೆಗೆ ಮುಖ ತೋರಿಸುವುದೇಕೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟ ಮುಟ್ಟಿದರೆ ಕೈಗೆ ಮಣ್ಣು ಅಂಟುತ್ತಿತ್ತು. ಕಲ್ಲಿಗೂ ಗಾಳಿಗೂ ನೀರಿಗೂ ಆಗ ಮಾತು ಬರುತ್ತಿತ್ತು. ಹೊಸದಾಗಿ ಮಾತು ಕಲಿತವರಲ್ಲವೇ, ಎಲ್ಲರೂ ಸ್ವಲ್ಪ ಜಾಸ್ತಿಯೇ ಮಾತಾಡುತ್ತಿದ್ದರು.

ಆ ಬೆಟ್ಟಗಳ ನಡುವೆ ಒಂದು ಕೆರೆ ಇತ್ತು. ಯಾರೂ ಅಗೆದದ್ದಲ್ಲ, ಯಾರೂ ಏರಿ ಕಟ್ಟಿದ್ದಲ್ಲ. ಮಳೆನೀರೇ ಜಾಗ ಹುಡುಕಿಕೊಂಡು ಬಂದು, ಇಲ್ಲಿ ಚೆನ್ನಾಗಿದೆ ಅಂತ ಕೂತುಬಿಟ್ಟಿತ್ತು. ಈ ದಡದಲ್ಲಿ ನಿಂತರೆ ಆ ದಡ ಕಾಣದು. ಜನ ಆ ಕೆರೆಯನ್ನು ದೊಡ್ಡನೀರಮ್ಮ ಅಂತ ಕರೆಯುತ್ತಿದ್ದರು.

ದೊಡ್ಡನೀರಮ್ಮನ ಮಡಿಲ ತುಂಬ ಕೆಂಗರಿ ಮೀನುಗಳು. ಅಂಗೈಯಷ್ಟು ಉದ್ದ, ಬೆಳ್ಳಿಯಂಥ ಮೈ, ಕೆಂಪು ರೆಕ್ಕೆ, ಕೆಂಪು ಕಣ್ಣು. ಹೋದರೆ ಹಿಂಡು, ಬಂದರೆ ಹಿಂಡು. ಅಷ್ಟು ದೊಡ್ಡ ಮೈಯಲ್ಲಿ ಅಷ್ಟು ಚಿಕ್ಕ ಮೀನು ಇದ್ದರೂ ದೊಡ್ಡನೀರಮ್ಮನಿಗೆ ತಿಳಿಯುತ್ತಿರಲಿಲ್ಲ. ಅವು ಮೇಲೆ ಬಂದು ಬಿಸಿಲಿಗೆ ಮಿಂಚಿದಾಗ ಮಾತ್ರ, "ಆಹಾ, ಇದಾವೆ ನನ್ನ ಮಕ್ಕಳು" ಅಂದುಕೊಳ್ಳುತ್ತಿದ್ದಳು.

ದಡದ ಮೇಲೆ ಮಾಚಕ್ಕನ ಗುಡಿಸಲು. ಅವಳೂ ಅವಳ ಅತ್ತೆ ಬೋರವ್ವನೂ ಅಲ್ಲಿ ಇದ್ದರು. ಮಾಚಕ್ಕನ ಹತ್ತಿರ ಒಂದು ಬಿದಿರು ಕೋಲು, ಕೋಲಿಗೆ ನಾರಿನ ದಾರ, ದಾರದ ತುದಿಗೆ ಮುಳ್ಳಿನ ಗಾಳ. ನಡುವೆ, ನೀರಿನ ಮೇಲೆ ತೇಲಲಿ ಅಂತ, ನವಿಲುಗರಿಯ ಕಡ್ಡಿ. ಗಾಳ ಬಿಡುವ ಮುಂಚೆ ಅವಳು ತವುಡಿಗೆ ಅನ್ನ ಕಲಸಿ, ಉಂಡೆ ಕಟ್ಟಿ, ನೀರಿಗೆ ಎಸೆಯುತ್ತಿದ್ದಳು. ಪರಿಮಳಕ್ಕೆ ಹಿಂಡು ಬರಬೇಕಲ್ಲ.

ಬೋರವ್ವನಿಗೆ ಅದನ್ನು ಕಂಡರೆ ಆಗದು. "ಮೀನು ತರ್ತೀನಿ ಅಂತ ಹೋಗ್ತಾಳೆ, ಮೀನಿಗೇ ಊಟ ಹಾಕಿ ಬರ್ತಾಳೆ!"

"ಕರೆಯದೆ ಯಾರು ಬರ್ತಾರೆ ಅತ್ತೆ, ನೆಂಟರು ಬಿಟ್ಟರೆ?" ಅನ್ನುತ್ತಿದ್ದಳು ಮಾಚಕ್ಕ.

ಹೀಗಿರುವಾಗ ಒಂದು ಸಲ ಗಾಳಿಗೆ ಹುರುಪು ಬಂತು. ಹೊಸ ಗಾಳಿ, ಹೊಸ ಬಲ. ಕೆರೆಯನ್ನು ಒಲೆ ಮೇಲಿನ ಅಂಬಲಿ ಹಾಗೆ ತಿರುವಿ ತಿರುವಿ ಬಿಟ್ಟಿತು. ತಳದ ಕೆಸರೆಲ್ಲ ಮೇಲೆ ಬಂತು. ಹೆದರಿದ ಕೆಂಗರಿಗಳು ಆಳಕ್ಕೆ ಇಳಿದವು, ಇಳಿದವು ಮೇಲೆ ಬರಲೇ ಇಲ್ಲ.

ದೊಡ್ಡನೀರಮ್ಮ ಕಾದಳು. ಕೆಸರು ತಿಳಿಯಾಯಿತು. ಬಿಸಿಲು ಬಂತು. ಒಂದಾದರೂ ಮಿಂಚಲಿಲ್ಲ.

"ಗಾಳಿಯಪ್ಪಾ, ನನ್ನ ಮಕ್ಕಳನ್ನ ಕಂಡೆಯಾ?"

"ಮೂಲೆ ಮೂಲೆ ನೋಡಿದೆ. ಯಾರೂ ಇಲ್ಲ" ಅಂದಿತು ಗಾಳಿ. ಅದು ನೋಡಿದ್ದು ನೀರಿನ ಮೇಲ್ಮೈ ಮಾತ್ರ. ಆದರೆ ಗೊತ್ತಿಲ್ಲ ಅಂತ ಹೇಳುವುದು ಗಾಳಿಗೆ ಆಗಲೂ ಬರುತ್ತಿರಲಿಲ್ಲ.

ದೊಡ್ಡನೀರಮ್ಮ ಹೋ ಎಂದು ಅತ್ತಳು. "ಮಕ್ಕಳಿಲ್ಲದ ಮೇಲೆ ನಾನಿಲ್ಲಿ ಯಾಕಿರಲಿ? ಹೊತ್ತು ಮುಳುಗುವವರೆಗೆ ನೋಡ್ತೀನಿ. ಆಮೇಲೆ ಆ ಬೆಟ್ಟದ ಸಂದಿಯಲ್ಲಿ ಇಳಿದು, ಅವರನ್ನು ಹುಡುಕಿಕೊಂಡು ಹೊರಟೆ."

ಹೇಳಿದ್ದು ಬರೀ ಮಾತಲ್ಲ. ನೋಡನೋಡುತ್ತಾ ನೀರು ದಡ ಬಿಟ್ಟು ಹಿಂದೆ ಸರಿಯತೊಡಗಿತು. ಕಪ್ಪು ಕೆಸರು ಹೊಳೆಯಿತು. ಜೊಂಡು ಒರಗಿಕೊಂಡಿತು. ಬೆಳ್ಳಕ್ಕಿಗಳು ಒಂದರ ಮುಖ ಒಂದು ನೋಡಿಕೊಂಡವು.

ಬೋರವ್ವ ಆಗಲೇ ಮಡಕೆಗಳನ್ನು ಕಂಬಳಿಯಲ್ಲಿ ಗಂಟು ಕಟ್ಟಿ ದಡಕ್ಕೆ ತಂದಿಟ್ಟಿದ್ದಳು. "ನಡಿಯೇ. ಕುಡಿಯೋ ನೀರೇ ಕಾಲಿಗೆ ಬುದ್ಧಿ ಹೇಳ್ತಾ ಇದೆ. ನಾವಿನ್ನು ಏನು ನೋಡ್ತಾ ಕೂರೋದು?"

"ಒಂದು ಗಳಿಗೆ ಇರಿ ಅತ್ತೆ" ಅಂದಳು ಮಾಚಕ್ಕ. ಇದ್ದದ್ದು ಇದೊಂದೇ ನೀರು. ಬೆಟ್ಟದಾಚೆ ಏನಿದೆಯೋ ಯಾರು ಕಂಡವರು? "ಮೀನು ಎಲ್ಲೂ ಹೋಗಿಲ್ಲ ಅಂತ ತೋರಿಸಿದರೆ ಆಯ್ತಲ್ಲ?"

ಕೆಸರಲ್ಲಿ ಮೊಣಕಾಲವರೆಗೆ ಹೂತುಕೊಂಡು ಅವಳು ನೀರಿನ ಅಂಚಿಗೆ ಹೋದಳು. ಉಂಡೆ ಎಸೆದಳು. ಎರೆಹುಳ ಚುಚ್ಚಿ ಗಾಳ ಬಿಟ್ಟಳು. ಕಾದಳು.

ಕಡ್ಡಿ ಅಲುಗಿತು.

"ಅಮ್ಮಾ, ನೋಡು! ಇದಾವೆ!"

"ಅದು ನಾನೇ ಕಣೇ ನಡುಗಿದ್ದು" ಅಂದಳು ದೊಡ್ಡನೀರಮ್ಮ, ಮೂಗು ಎಳೆಯುತ್ತಾ.

"ಇಲ್ಲಮ್ಮ. ನೀನು ನಡುಗಿದರೆ ಕಡ್ಡಿ ಆಚೀಚೆ ಆಡುತ್ತೆ. ಇದು ಕೆಳಕ್ಕೆ ಜಗ್ಗಿತು."

"ಎಲ್ಲಾ ಒಂದೇ" ಅಂತ ಗಾಳಿ ನಡುವೆ ಬಾಯಿ ಹಾಕಿತು.

"ನೀನು ಸುಮ್ಮನಿರಪ್ಪ! ಮೇಲೆ ಮೇಲೆ ತಿರುಗೋನಿಗೆ ಒಳಗಿನ ಸುದ್ದಿ ಏನು ಗೊತ್ತು?" ಅಂದಳು ಮಾಚಕ್ಕ.

ಅಷ್ಟರಲ್ಲಿ ಕಡ್ಡಿ ಮುಳುಗಿತು. ಮಾಚಕ್ಕ ಕೋಲೆತ್ತಿದಳು. ದಾರದ ತುದಿಯಲ್ಲಿ ಒಂದು ಕೆಂಗರಿ ಫಳಫಳ ಹೊಳೆಯುತ್ತಿತ್ತು. ಅವಳು ಹಿಗ್ಗಿ, ಅದನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಳು. "ಈಗ ಹೇಳು, ಇದು ಯಾರ ಮಗು?"

ದೊಡ್ಡನೀರಮ್ಮ ಕಿಟಾರನೆ ಕಿರುಚಿದಳು. "ಅಯ್ಯೋ, ಒಂದೇ ಒಂದು ಉಳಿದಿತ್ತು, ಅದನ್ನೂ ಹಿಡಿದುಬಿಟ್ಟೆಯಲ್ಲೇ!" ನೀರು ಇನ್ನೂ ಜೋರಾಗಿ ಹಿಂದೆ ಸರಿಯಿತು.

ಮಾಚಕ್ಕನ ಹಿಗ್ಗು ಇಳಿದುಹೋಯಿತು. ಒಂದು ಹಿಡಿದರೆ ಅದೇ ಕೊನೆಯದು ಅನ್ನುತ್ತಾಳೆ. ಹತ್ತು ಹಿಡಿದರೆ ಹತ್ತೂ ಹೋಯಿತು ಅನ್ನುತ್ತಾಳೆ. ಎತ್ತಿ ತೋರಿಸಿದರೆ ಆಗದು. ಅವೇ ಬಂದು ಮುಖ ತೋರಿಸಬೇಕು.

ಅವಳು ಕೈ ಒದ್ದೆ ಮಾಡಿಕೊಂಡು, ಮೆಲ್ಲಗೆ ಮುಳ್ಳು ಬಿಡಿಸಿ, ಮೀನನ್ನು ಕಾಲ ಬಳಿಯ ನೀರಲ್ಲಿ ಬಿಟ್ಟಳು. "ಮರೀ, ನಿಮ್ಮಮ್ಮ ಊರು ಬಿಡ್ತಾ ಇದಾಳೆ. ಹೋಗಿ ನಿಮ್ಮವರಿಗೆ ಹೇಳು. ಎಲ್ಲರೂ ದಿನಾ ಹೊತ್ತು ಮುಳುಗುವಾಗ ಒಂದು ಸಲ ಮೇಲೆ ಬಂದು, ಇದೀವಿ ಅಂತ ಹೇಳಿ ಹೋಗಲಿ."

"ಮೇಲೆ ಬಂದರೆ ನಿನ್ನ ಗಾಳ ಇರುತ್ತಲ್ಲ?" ಅಂದಿತು ಕೆಂಗರಿ.

"ಆ ಹೊತ್ತಲ್ಲಿ ಗಾಳ ಹಾಕೋದಿಲ್ಲ."

"ನಿನ್ನ ಮಾತು ಹೇಗೆ ನಂಬೋದು? ಈಗ ತಾನೇ ಹುಳ ಅಂತ ಹೇಳಿ ಮುಳ್ಳು ತಿನ್ನಿಸಿದೆ!"

ಮಾಚಕ್ಕ ದಾರವನ್ನು ಕೋಲಿಗೆ ಬಿಗಿಯಾಗಿ ಸುತ್ತಿದಳು. ಕೋಲನ್ನು ಹಿಂದಕ್ಕೆ ಚಾಚಿದಳು. "ಅತ್ತೆ, ಇದನ್ನ ಹಿಡ್ಕೊಂಡು ನೀರಿನಿಂದ ದೂರ ಕೂತ್ಕೊಳ್ಳಿ."

"ಆ ನಾತದ ಕೋಲು ನಾನು ಮುಟ್ಟಲ್ಲ!"

"ಅತ್ತೆ!"

ಬೋರವ್ವ ಸೊಸೆಯ ಮುಖ ನೋಡಿದಳು. ಕೆಸರಿಗಿಳಿದು ಬಂದು ಕೋಲು ತೆಗೆದುಕೊಂಡಳು. ದಡಕ್ಕೆ ಹೋಗಿ, ಗಂಟುಗಳ ಪಕ್ಕ ಕೂತು, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು.

ಕೆಂಗರಿ ಅದನ್ನು ನೋಡಿತು. ಮಾಚಕ್ಕನ ಖಾಲಿ ಕೈ ನೋಡಿತು. ಆಳಕ್ಕೆ ಜಾರಿ ಮಾಯವಾಯಿತು.

ಸೂರ್ಯ ಬೆಟ್ಟದ ತಲೆ ಮುಟ್ಟಿದ. ನೀರಿನ ಮೇಲೆ ಗಾಳಿಯ ಅಲೆ, ಅಲೆಯ ಮೇಲೆ ಅಲೆ. ಇದರಲ್ಲಿ ಮೀನು ಬಂದರೂ ಯಾರಿಗೆ ಕಾಣಬೇಕು?

"ಗಾಳಿಯಪ್ಪಾ, ದಮ್ಮಯ್ಯ, ಸ್ವಲ್ಪ ಹೊತ್ತು ಕೂತ್ಕೋ" ಅಂದಳು ಮಾಚಕ್ಕ.

"ಕೂತರೆ ನಾನು ಗಾಳಿ ಹೇಗಾಗ್ತೀನಿ?"

"ಎದ್ದ ಮೇಲೆ ಮತ್ತೆ ಆಗುವೆಯಂತೆ" ಅಂದಳು ಬೋರವ್ವ ದಡದಿಂದ. "ನಾನು ಕೂತಿಲ್ಲವಾ? ನನಗೇನಾಯ್ತು ಈಗ?"

ಗಾಳಿಗೆ ನಾಚಿಕೆಯಾಯಿತು. ಸುಳ್ಳು ಸುದ್ದಿ ಹೇಳಿದ್ದು ಅದಕ್ಕೂ ಚುಚ್ಚುತ್ತಿತ್ತು. ದಡದ ಹುಣಸೆ ಮರದ ಬುಡದಲ್ಲಿ ಹೋಗಿ ಮುದುಡಿ ಕೂತಿತು. ಕೆರೆ ಕನ್ನಡಿಯಾಯಿತು.

ಸೂರ್ಯ ಅರ್ಧ ಮುಳುಗಿದ. ಏನೂ ಇಲ್ಲ. ಇನ್ನೂ ಮುಳುಗಿದ. ಏನೂ ಇಲ್ಲ. ಬೆಟ್ಟದ ಸಂದಿಯಲ್ಲಿ ನೀರು ಗುಳುಗುಳು ಅನ್ನತೊಡಗಿತು. ಮಾಚಕ್ಕ ಕೆಸರಲ್ಲೇ ನಿಂತಿದ್ದಳು.

ಆಗ, ಪುಳಕ್.

ದೂರದಲ್ಲಿ ಒಂದು ಬೆಳ್ಳಿ ಬೆನ್ನು ಮಗುಚಿತು. ಒಂದು ಪುಟ್ಟ ಉಂಗುರ ಎದ್ದು ಅಗಲವಾಗುತ್ತಾ ಹೋಯಿತು.

"ಇದೀನಮ್ಮಾ!"

ಪುಳಕ್, ಇನ್ನೊಂದು. "ಇದೀನಮ್ಮಾ!" ಪುಳಕ್, ಪುಳಕ್. "ನಾನೂ ಇದೀನಿ! ನಾನೂ!" ಈ ದಡದಿಂದ ಕಾಣದ ಆ ದಡದವರೆಗೆ ಕೆರೆಯ ತುಂಬ ಉಂಗುರ. ಉಂಗುರಕ್ಕೆ ಉಂಗುರ ತಾಗಿ, ಮಳೆಯೇ ಇಲ್ಲದೆ ಹನಿ ಬಿದ್ದ ಹಾಗೆ.

ದೊಡ್ಡನೀರಮ್ಮ ಉದ್ದಕ್ಕೆ ಉಸಿರು ಬಿಟ್ಟಳು. ಆ ಉಸಿರಿಗೇ ನೀರೆಲ್ಲ ಮೆಲ್ಲಗೆ ತಿರುಗಿ ಬಂತು. ಮಾಚಕ್ಕನ ಪಾದ ಮುಚ್ಚಿತು, ಮೊಣಕಾಲು ಮುಚ್ಚಿತು. ಜೊಂಡು ಎದ್ದು ನಿಂತಿತು. ದಡದ ಮೇಲಿದ್ದ ಗಂಟುಗಳನ್ನೂ ನೀರು ತಬ್ಬಿಕೊಂಡಿತು.

"ಅಯ್ಯೋ, ನನ್ನ ಕಂಬಳಿ!" ಬೋರವ್ವ ಕೂಗಿದಳು. ಕೂಗುತ್ತಲೇ ನಗು ಬಂತು. "ಹಾಳಾಗಿ ಹೋಗಲಿ, ನೆನೆಯಲಿ ಬಿಡು."

ಮಾಚಕ್ಕ ನೀರಲ್ಲೇ ಧೊಪ್ಪನೆ ಕೂತುಬಿಟ್ಟಳು. ಅವಳೂ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಬರುತ್ತಿತ್ತು. ಅವತ್ತು ಮನೆಯಲ್ಲಿ ಮೀನು ಬೇಯಲಿಲ್ಲ. ಉಳಿದಿದ್ದ ತವುಡಿನ ಉಂಡೆಯನ್ನೂ ಬೋರವ್ವನೇ ತನ್ನ ಕೈಯಾರೆ ನೀರಿಗೆ ಹಾಕಿದಳು. ಸೊಸೆ ನೋಡುತ್ತಿದ್ದಾಳೆ ಅಂತ ಗೊತ್ತಾಗಿ, "ಏನು ನೋಡ್ತೀಯಾ, ಹೇಗಿದ್ದರೂ ಚೆಲ್ಲೋದು ತಾನೇ" ಅಂದಳು.

ಅದಕ್ಕೇ ಇಂದಿಗೂ ಹೊತ್ತು ಮುಳುಗುವಾಗ ದೊಡ್ಡ ಕೆರೆಯ ಮೇಲೆ ಗಾಳಿ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ತಿಳಿದವರು ದಾರ ಸುತ್ತಿ ಗಾಳದ ಕೋಲನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ, ಮತ್ತು ಮಳೆಯೇ ಇಲ್ಲದ ನೀರಿನಲ್ಲಿ ಪುಟ್ಟ ಪುಟ್ಟ ಉಂಗುರಗಳು ಏಳುತ್ತವೆ: ಕೆಂಗರಿಗಳು ಒಂದೊಂದಾಗಿ ಬಂದು, ಇದೀವಮ್ಮಾ ಅಂತ ಹೇಳಿ ಹೋಗುತ್ತಿವೆ.