ತಾಯಿ ಅಳಿಲು ತುಂಬಿಸಿದ ಗುಡ್ಡೆ

ಗೊರವಂಕ ಮೇಷ್ಟ್ರು ಕೂಡುವ ಲೆಕ್ಕಕ್ಕೆ ಹೊಸ ದಾರಿ ಕಲಿಸಿದ್ದರು. ಮನೆಯಲ್ಲಿ ಮರಿ ಅಳಿಲು ಆರು ಶೇಂಗಾದ ಗುಡ್ಡೆಯಿಂದ ಒಂದನ್ನು ಒಂಬತ್ತರ ಗುಡ್ಡೆಗೆ ಸರಿಸಿ ಹತ್ತು ಮಾಡಿದಳು. ತಾಯಿ ಅದನ್ನು ನೋಡಿದಳು. ಪರೀಕ್ಷೆಯಲ್ಲಿ ಲೆಕ್ಕ ತಪ್ಪಿದರೆ ಮಗಳು ಇದೇ ತರಗತಿಯಲ್ಲಿ ಉಳಿಯಬೇಕು.

"ಅಯ್ಯೋ ಪೆದ್ದಿ, ಆರಿದ್ದದ್ದು ಐದಾಯಿತಲ್ಲೇ!" ಎಂದು ತಾಯಿ ತಾನೇ ಒಂದು ಕಾಯಿ ತಂದು ಗುಡ್ಡೆ ತುಂಬಿಸಿದಳು.

ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂತು. ಮಗಳು ಒಂದನ್ನು ಸರಿಸಿದಳು, ಇನ್ನೊಂದನ್ನು ತುಂಬಿಸಿದಳು, "ಹದಿನಾರು" ಎಂದಳು.

"ಹೆಚ್ಚಿನ ಒಂದು ಎಲ್ಲಿಂದ ಬಂತಮ್ಮಾ?"

"ಅಮ್ಮ ಹೇಳಿಕೊಟ್ಟಳು, ಮೇಷ್ಟ್ರೇ."

ಬಾಗಿಲಲ್ಲಿ ನಿಂತಿದ್ದ ತಾಯಿ ಓಡಿ ಬಂದಳು. "ತಪ್ಪು ನನ್ನದು. ಇನ್ನೊಂದು ಸಲ ಕೇಳಿ, ನಾನು ಸುಮ್ಮನಿರುತ್ತೇನೆ."

ಮಗಳು "ಹದಿನೈದು" ಎನ್ನುವವರೆಗೂ ತಾಯಿ ಎರಡೂ ಕೈಗಳನ್ನು ಬಾಲದಡಿ ಒತ್ತಿ ಹಿಡಿದಿದ್ದಳು.