ಒಗಟು ಪದುಮಲೆಯದು, ಕತ್ತಿ ಅರಸನದು

“ಕೇಳಿರಿ, ಕೇಳಿರಿ! ಹಂಸಗೆರೆಯ ಅರಸ ಭುಜಬಲರಾಯರ ಅಪ್ಪಣೆ! ರಾಜಕುಮಾರಿ ಪದುಮಲೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅವರೊಡನೆ ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದರಲ್ಲಿ ತಪ್ಪಿದರೂ ಸೆರೆಮನೆ. ಹುಣ್ಣಿಮೆಯ ಮಾರನೆಯ ಬೆಳಗ್ಗೆ ತಲೆದಂಡ!”

ಡಂಗುರದವನು ಬೀದಿಬೀದಿಯಲ್ಲೂ ಹೀಗೆ ಸಾರಿದ. ಅದಕ್ಕೂ ಮೊದಲು ಪದುಮಲೆಯನ್ನು ನೋಡಲು ಬಂದ ರಾಜಕುಮಾರರೆಲ್ಲ ತಮ್ಮ ಆನೆ ಕುದುರೆಗಳ ಬಣ್ಣನೆ ಮಾಡಿ ಹೋಗಿದ್ದರು. ಮದುವೆಯೆಂದರೇನು, ಸಂಸಾರವೆಂದರೇನು ಎಂದು ಯೋಚಿಸಿದವರು ಅವರಲ್ಲಿ ಯಾರೂ ಇರಲಿಲ್ಲ. ಅದನ್ನು ಬಲ್ಲವನೇ ತನಗೆ ಗಂಡ ಎಂದು ಅವಳು ಹಟ ಹಿಡಿದಳು. ತಲೆದಂಡದ ಮಾತು ಸೇರಿಸಿದ್ದು ಅರಸ. ಯಾರೂ ಬಾರದಿದ್ದರೆ ಮಗಳು ತಾನೇ ದಾರಿಗೆ ಬರುತ್ತಾಳೆಂಬುದು ಅವನ ಎಣಿಕೆ. ಆದರೂ ಆಸೆಗೆ ಬಿದ್ದು ಜನ ಬಂದರು. ಒಂಬತ್ತು ದಿನಗಳಲ್ಲಿ ಹನ್ನೊಂದು ಮಂದಿ ಸೆರೆ ಸೇರಿದರು.

ಹತ್ತನೆಯ ದಿನ ಕೆಂಚನೆಂಬ ಯುವಕ ಅರಮನೆಯ ಅಡುಗೆಮನೆಗೆ ಊಟದ ಎಲೆ ಕೊಡಲು ಬಂದ. ಕೆರೆಗಿಳಿದು ತಾವರೆ ಎಲೆ ಕೊಯ್ದು ಮಾರುವುದು ಅವನ ಕಸುಬು. ಸಭೆಯಲ್ಲಿ ಗದ್ದಲ ಕೇಳಿ ಬಾಗಿಲಲ್ಲಿ ಇಣುಕಿದ. ನೆರೆರಾಜ್ಯದ ರಾಜಕುಮಾರನಿಗೆ ಪದುಮಲೆ ಒಗಟು ಹೇಳುತ್ತಿದ್ದಳು.

“ತಾಯಿ ಮೊಟ್ಟೆಯಿಟ್ಟು ಬೇರೆ ಗಂಡನನ್ನು ಹುಡುಕಿ ಹೊರಡುತ್ತಾಳೆ. ಕಾವು ಕೊಡುವವನು ತಂದೆ. ಆಪತ್ತು ಬಂದರೆ ಮರಿಗಳನ್ನು ಕಂಕುಳಲ್ಲಿಟ್ಟುಕೊಂಡು ಓಡುವವನೂ ತಂದೆಯೇ. ಆದರೂ ಅವನ ಗಂಡಸುತನವನ್ನು ಯಾರೂ ಆಡಿಕೊಳ್ಳುವುದಿಲ್ಲ. ಯಾರದು ಆ ಸಂಸಾರ?”

ರಾಜಕುಮಾರ ಮೀಸೆ ತಿರುವಿದ. “ಅಂಥ ಗಂಡು ಸೃಷ್ಟಿಯಲ್ಲೇ ಇಲ್ಲ. ಇದು ಸುಳ್ಳು ಒಗಟು.”

“ಅಯ್ಯೋ, ನಮ್ಮ ಕೆರೇಲೇ ಐತಲ್ಲ!” ಕೆಂಚನ ಬಾಯಿಂದ ಮಾತು ಜಾರಿಬಿಟ್ಟಿತು.

ಸಭೆಯೆಲ್ಲ ತಿರುಗಿ ನೋಡಿತು. ಬಾಯಿ ಬಿಟ್ಟವನು ಪಂದ್ಯಕ್ಕಿಳಿದಂತೆ ಎಂದ ಮಂತ್ರಿ. ಭಟರು ಕೆಂಚನನ್ನು ನಡುವೆ ತಂದು ನಿಲ್ಲಿಸಿದರು. ಕತ್ತಿ ಹಿಡಿದ ತಳವಾರ ಅವನ ಬೆನ್ನಿಗೆ ನಿಂತ.

ಕೆಂಚ ಪದುಮಲೆಯ ಕಡೆ ತಿರುಗಿದ. “ತಾವರೆ ಎಲೆ ಮೇಲೆ ನಡೀತದಲ್ಲ, ಉದ್ದ ಬೆರಳಿನ ಹಕ್ಕಿ, ಅದರ ಸಂಸಾರ, ತಾಯಿ. ಎಲೆ ಕೊಯ್ಯೋವಾಗ ದಿನಾ ನೋಡ್ತೀನಿ. ಗಂಡಿನ ರೆಕ್ಕೆ ಕೆಳಗಿಂದ ಮರಿಗಳ ಕಾಲು ಜೋತಾಡ್ತಿರ್ತವೆ.”

“ಸರಿ,” ಎಂದಳು ಪದುಮಲೆ.

ಭಟರು ರಾಜಕುಮಾರನನ್ನು ಎಳೆದೊಯ್ದರು. ಅಷ್ಟರಲ್ಲಿ ಮಂತ್ರಿಯ ಮಗ ಜಯಂಕರ ಎದ್ದು, “ಮೊದಲನೆಯದು ಮುಗಿಯಿತಲ್ಲ, ಉಳಿದೆರಡಕ್ಕೆ ನಾನಿದ್ದೇನೆ,” ಎಂದ. ಮಂತ್ರಿ ಬೇಡವೆಂದು ಸನ್ನೆ ಮಾಡಿದರೂ ಅವನು ಕೂರಲಿಲ್ಲ.

ಪದುಮಲೆ ಎರಡನೆಯದನ್ನು ಕೇಳಿದಳು. “ಹಸು ಮುದಿಯಾದರೂ ಕರು ಹಾಕುತ್ತದೆ. ಹೆಂಗಸು ಮಾತ್ರ ನಡುವಯಸ್ಸಿಗೇ ಹೆರುವುದನ್ನು ನಿಲ್ಲಿಸಿ, ಆಮೇಲೂ ಮೂವತ್ತು ವರ್ಷ ಬದುಕುತ್ತಾಳೆ. ಆ ಆಯಸ್ಸು ಯಾತಕ್ಕೆ?”

“ತೀರ್ಥಯಾತ್ರೆಗೆ!” ಎಂದ ಜಯಂಕರ. ಪದುಮಲೆ ಅಲ್ಲವೆಂದು ತಲೆಯಾಡಿಸಿದಳು. ಭಟರು ಅವನ ಕೈ ಹಿಡಿದರು. ಮಂತ್ರಿಯ ಮುಖ ಬಿಳುಚಿಕೊಂಡಿತು.

ಕೆಂಚ ಹೇಳಿದ: “ನಂಗೆ ಒಂದೂವರೆ ವರ್ಷ ಆದಾಗ ತಮ್ಮ ಹುಟ್ಟಿದ, ತಾಯಿ. ಅವ್ವನ ಹಾಲು ಅವನಿಗಾಯ್ತು. ನನ್ನ ಸಾಕಿದ್ದು ಅಜ್ಜಿ. ಗೆಡ್ಡೆ ಅಗೆದು, ಬೇಯಿಸಿ, ನುಣ್ಣಗೆ ಕಿವುಚಿ ತಿನ್ನಿಸ್ತಿದ್ಲು. ಬರಗಾಲ ಬಂದಾಗ ನಮ್ಮ ಕೇರೀಲಿ ಅಜ್ಜಿ ಇದ್ದ ಮನೆ ಮಕ್ಕಳೇ ಹೆಚ್ಚು ಉಳಿದ್ವು. ತನ್ನ ಹೆರಿಗೆ ಮುಗಿಸಿದೋಳ ಕೈ ಮಗಳ ಮಕ್ಕಳಿಗೆ ಬೇಕು. ಆ ಆಯಸ್ಸು ಮೊಮ್ಮಕ್ಕಳದು.”

ಪದುಮಲೆಯ ಕಣ್ಣು ತೇವವಾಯಿತು. “ಸರಿ. ಇನ್ನು ಕೊನೆಯದು. ಮಾಡಿದರೆ ಯಾರಿಗೂ ಕಾಣದು, ಮಾಡದಿದ್ದರೆ ಎಲ್ಲರಿಗೂ ಕಾಣುತ್ತದೆ. ಮುಗಿಯಿತೆನ್ನುವಷ್ಟರಲ್ಲಿ ಮತ್ತೆ ಶುರು. ಗಂಡು ಮಾಡಿದರೆ ಊರೆಲ್ಲ ಹೊಗಳಿಕೆ, ಹೆಣ್ಣು ಮಾಡಿದರೆ ಸುದ್ದಿಯೇ ಇಲ್ಲ. ಅದೇನು?”

ಕೆಂಚ ಮನಸ್ಸಿನಲ್ಲೇ ಹುಡುಕಿದ. ಉಸಿರೇ? ಪೂಜೆಯೇ? ಗಂಡು ಉಸಿರಾಡಿದರೆ ಯಾರು ಹೊಗಳುತ್ತಾರೆ! ಮಂತ್ರಿ ಕೆಮ್ಮಿದ. ತಳವಾರ ಕತ್ತಿಯನ್ನು ಕೈಯಿಂದ ಕೈಗೆ ಬದಲಿಸಿದ. ತಾನು ಸತ್ತರೆ ಮನೆಯಲ್ಲಿ ಒಬ್ಬಳೇ ಉಳಿಯುವ, ಮಂಡಿ ಸೋತ ಅಜ್ಜಿಗೆ ಮುದ್ದೆ ತಿರುವಿ ಕೊಡುವವರು ಯಾರು ಎಂಬ ಚಿಂತೆ ಕೆಂಚನನ್ನು ಹಿಡಿಯಿತು. ಆ ಚಿಂತೆಯಲ್ಲೇ ಉತ್ತರ ಹೊಳೆಯಿತು.

“ಮನೆಗೆಲಸ ತಾಯಿ! ಅಜ್ಜಿಗೆ ಕೈಲಾಗದೆ ನಾನು ಒಲೆ ಮುಂದೆ ಕೂತ ದಿನದಿಂದ ಕೇರಿಯವರೆಲ್ಲ ಎಂಥಾ ಹುಡುಗ, ಎಂಥಾ ಹುಡುಗ ಅಂತಾರೆ. ಅಜ್ಜಿ ಐವತ್ತು ವರ್ಷ ಅದನ್ನೇ ಮಾಡಿದ್ಲು. ಒಬ್ಬರೂ ಏನೂ ಅನ್ನಲಿಲ್ಲ.”

“ಅದೂ ಒಂದು ಕೆಲಸವೇ?” ಅರಸ ಗುಡುಗಿದ. “ಈ ಉತ್ತರ ಸಲ್ಲದು!”

ಕೆಂಚ ಕೈ ಮುಗಿದ. “ತಪ್ಪಾದರೆ ಕ್ಷಮಿಸಬೇಕು ಬುದ್ಧಿ. ಈ ನೆಲ ಕನ್ನಡಿ ಹಂಗೈತೆ. ಬೆಳಗ್ಗೆ ಸಾರಿಸಿದೋರು ಯಾರು?”

ಅರಸ ಮಂತ್ರಿಯ ಮುಖ ನೋಡಿದ, ಮಂತ್ರಿ ಕಂಬದ ಕಡೆ ನೋಡಿದ. ಇಬ್ಬರಿಗೂ ಗೊತ್ತಿರಲಿಲ್ಲ.

ಕೆಂಚನ ಬೆನ್ನ ಹಿಂದಿನಿಂದ ತಳವಾರನ ದನಿ ಬಂತು. “ನಮ್ಮವ್ವ, ಮಹಾಸ್ವಾಮಿ. ಸಾಕವ್ವ ಅಂತ. ಇಪ್ಪತ್ತೆರಡು ವರ್ಷದಿಂದ ಸಾರಿಸ್ತಾಳೆ.” ಅಷ್ಟು ಹೇಳಿ ಅವನು ಕತ್ತಿಯನ್ನು ಒರೆಗೆ ಹಾಕಿದ.

ಅರಸ ಸಿಂಹಾಸನದಿಂದಿಳಿದು, ಬಗ್ಗಿ ಆ ನೆಲವನ್ನು ಮುಟ್ಟಿ ನೋಡಿದ. ಕಡೆಗೆ, “ಗೆದ್ದೆ ಕಣಯ್ಯ,” ಎಂದ. ಸಭೆ ಜಯಕಾರ ಹಾಕಿತು. ಮೊದಲು ಕೂಗಿದ್ದು ಬಾಗಿಲಲ್ಲಿ ಗುಂಪುಗೂಡಿದ್ದ ಅಡುಗೆಮನೆಯ ಹೆಂಗಸರು.

“ಅರ್ಧ ರಾಜ್ಯ ಇರಲಿ ಬುದ್ಧಿ,” ಎಂದ ಕೆಂಚ. “ಮೊದಲು ಸೆರೇಲಿರೋ ಹದಿಮೂರು ಜನರನ್ನ ಬಿಡಿಸಿ. ಅವರ ಮನೇಲೂ ಅವ್ವಂದಿರು ಕಾಯ್ತಿರ್ತಾರೆ. ಆಮೇಲೆ ಮದುವೆ ಮಾತು. ನಾನು ಗೆದ್ದೆ ಅಂತ ಅಮ್ಮಣ್ಣಿಯವರು ಒಪ್ಪಬೇಕಂತಿಲ್ಲ. ಅವರನ್ನ ಕೇಳಿ.”

ಪದುಮಲೆ ಮೆಟ್ಟಿಲಿಳಿದು ಬಂದಳು. “ಒಗಟು ನನ್ನದು, ಕತ್ತಿ ಅಪ್ಪಾಜಿಯದು. ನನ್ನನ್ನು ಕೇಳಿ ಅಂದವನು ನೀನೊಬ್ಬನೇ. ಒಪ್ಪಿದೆ,” ಎಂದು ತಾನೇ ಅವನ ಕೈ ಹಿಡಿದಳು.

ಅಂದೇ ಸೆರೆಮನೆಯ ಬಾಗಿಲು ತೆರೆಯಿತು. ಮಂತ್ರಿ ಮಗನನ್ನು ತಬ್ಬಿಕೊಂಡು ಅತ್ತ. ಕೆಂಚ ಅಜ್ಜಿಯನ್ನು ಪಲ್ಲಕ್ಕಿಯಲ್ಲಿ ಕರೆಸಿಕೊಂಡ. ಐದು ದಿನ ಮದುವೆ ನಡೆಯಿತು.

ಎರಡು ವರ್ಷ ಕಳೆದು, ಅರಸ ಒಂದು ಬೆಳಗ್ಗೆ ಮೊಮ್ಮಗಳನ್ನು ನೋಡಲು ಹೋದ. ಪದುಮಲೆ ಚಾವಡಿಯಲ್ಲಿ ಎರಡು ಊರಿನವರ ಗಡಿ ಜಗಳ ತೀರ್ಮಾನಿಸುತ್ತಿದ್ದಳು. ಒಳಗೆ ಕೆಂಚ ತೊಟ್ಟಿಲು ತೂಗುತ್ತ ಅರ್ಧ ನಿದ್ದೆಯಲ್ಲಿದ್ದ. ಅರಸ ಬಾಗಿಲಲ್ಲೇ ತಡೆದು ನಿಂತ. ಒಮ್ಮೆ ಅತ್ತಿತ್ತ ನೋಡಿ, ಕಿರೀಟ ತೆಗೆದು ಗೂಡಿನಲ್ಲಿಟ್ಟ.

“ಅಳಿಯಂದಿರೆ, ಸ್ವಲ್ಪ ಹೊತ್ತು ಮಲಗಿ. ಹಗ್ಗ ಇತ್ತ ಕೊಡಿ,” ಎಂದು ತೊಟ್ಟಿಲ ಪಕ್ಕ ಕುಳಿತ.